ಓಡುವ ಹುಡುಗಿಯ ಊಟ

ಮೊದಲ ದಿನ ಹುಡುಗಿ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದಾಗ, ಅಡುಗೆಗೆ ಉಪ್ಪು ಜಾಸ್ತಿ ಬಿತ್ತೇನೋ ಅಂದುಕೊಂಡಳು ಅಜ್ಜಿ. ಬೆರಳದ್ದಿ ನೆಕ್ಕಿ ನೋಡಿದಳು. ಉಪ್ಪು ಸರಿಯಾಗಿಯೇ ಇತ್ತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆಯುಷ್ಯವೆಲ್ಲ ನೂರಾರು ಜನರಿಗೆ ಬೇಯಿಸಿ ಹಾಕಿದ ಕೈ ಅದು. ಅಷ್ಟು ಸುಲಭಕ್ಕೆ ತಪ್ಪುವಂಥದ್ದಲ್ಲ.

"ಯಾಕೇ, ಹೊಟ್ಟೆ ಸರಿ ಇಲ್ವಾ?"

"ಸರಿ ಇದೆ ಅಜ್ಜಿ. ಸಾಕು."

"ಸಾಕು ಅನ್ನೋಕೆ ನೀನೇನು ತಿಂದೆ? ಇಷ್ಟೇ ಅನ್ನ ಇರುವೆಗೆ ಹಾಕಿದ್ರೆ ಇರುವೆ ಜಗಳಕ್ಕೆ ಬರುತ್ತೆ."

ಹುಡುಗಿ ನಗಲಿಲ್ಲ. ಅಪ್ಪನ ಮುಖ ನೋಡಿದಳು. ಅಪ್ಪ ತಲೆ ಎತ್ತದೆ, "ಬಿಡಮ್ಮ, ಮೇಷ್ಟ್ರು ಹೇಳಿದಾರೆ. ಇನ್ಮೇಲೆ ಅವಳ ಊಟ ಹಿಡಿತದಲ್ಲಿರ್ಬೇಕು" ಅಂದ.

ಅಪ್ಪ ಅಂದರೆ ಅಜ್ಜಿಯ ಒಬ್ಬನೇ ಮಗ. ಕ್ಷೌರಿಕ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ, ಹಿಂದಿನದು ಅಡುಗೆಮನೆ, ನಡುವೆ ಒಂದು ಬಾಗಿಲು, ಅದಕ್ಕೊಂದು ಪರದೆ. ಅಲ್ಲಿ ಕತ್ತರಿ ಆಡಿದರೆ ಇಲ್ಲಿ ಕೇಳುತ್ತದೆ, ಇಲ್ಲಿ ಒಗ್ಗರಣೆ ಹಾಕಿದರೆ ಅಲ್ಲಿ ಗಿರಾಕಿ ಸೀನುತ್ತಾನೆ. ಅವನ ಹೆಂಡತಿಗೆ ಬಿಸ್ಕತ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ಮಧ್ಯಾಹ್ನದ್ದು. ಮಗಳಿಗೆ ಹದಿನಾರು. ಮನೆಯಲ್ಲಿ ಅವಳು ಪುಟ್ಟಿ, ಬೀದಿಯಲ್ಲಿ ಮೈಲಿ. ಶಾಲೆಯ ಪಂದ್ಯದಲ್ಲಿ ಒಂದು ಮೈಲಿ ಓಟ ಗೆದ್ದ ದಿನದಿಂದ ಬೀದಿಯ ಹುಡುಗರು ಇಟ್ಟ ಹೆಸರು ಅದು.

ಆಮೇಲೆ ಜಿಲ್ಲಾ ಪಂದ್ಯದ ಮೈಲಿ ಓಟದಲ್ಲಿ ಅವಳು ಮೂರನೆಯವಳಾದಳು. ಕ್ರೀಡಾ ಹಾಸ್ಟೆಲಿಗೆ ಸೇರಿಸಿಕೊಳ್ಳುವುದು ಒಬ್ಬಳನ್ನೇ, ಮುಂದೆ ನಡೆಯುವ ಸೆಲೆಕ್ಷನ್ ಓಟದಲ್ಲಿ ಮೊದಲು ಬಂದವಳನ್ನು. ಅಲ್ಲಿ ಸೇರಿದರೆ ಓದು, ಊಟ, ಬಟ್ಟೆ ಎಲ್ಲ ಅವರದೇ. ಕಾಲೇಜು ಮುಗಿಯುವವರೆಗೆ ಅಪ್ಪ ಅಮ್ಮ ಒಂದು ಪೈಸೆ ಬಿಚ್ಚಬೇಕಿಲ್ಲ. ಶಾಲೆಯ ಡ್ರಿಲ್ ಮೇಷ್ಟ್ರು ಒಂದು ಭಾನುವಾರ ಕುರ್ಚಿಯಲ್ಲಿ ಕೂತು ಕೂದಲು ಕತ್ತರಿಸಿಕೊಳ್ಳುತ್ತಾ ಹೇಳಿದರಂತೆ: "ಹುಡುಗಿಗೆ ಉಸಿರಿದೆ, ಹಟ ಇದೆ. ಮೈ ಸ್ವಲ್ಪ ಇಳಿಸಿದ್ರೆ ಸಾಕು, ಮುಂದಿನವರಿಬ್ರೂ ಹಿಂದಾಗ್ತಾರೆ." ಅವರು ಹೇಳಿ ಟವೆಲು ಕೊಡವಿ ಎದ್ದು ಹೋದರು. ಅಪ್ಪ ಅದನ್ನು ಎದೆಗೆ ಕಟ್ಟಿಕೊಂಡ.

ಮರುದಿನವೇ ಅಂಗಡಿಯ ಕನ್ನಡಿ ಕೆಳಗೆ ಒಂದು ತೂಕದ ಯಂತ್ರ ಬಂದು ಕೂತಿತು. ದಿನಾ ಬೆಳಿಗ್ಗೆ ಮಗಳು ಓಡಿ ಬಂದವಳೇ ಶೂ ಬಿಚ್ಚಿ ಅದರ ಮೇಲೆ ನಿಲ್ಲಬೇಕು. ಅಪ್ಪ ಬಗ್ಗಿ ನೋಡಬೇಕು. ಮುಳ್ಳು ಇಳಿದಿದ್ದರೆ ಅವನ ಮುಖ ಅರಳುತ್ತಿತ್ತು, ಆ ದಿನ ಗಿರಾಕಿಗಳಿಗೂ ಚಹಾ. ಇಳಿಯದಿದ್ದರೆ ಯಾರದೋ ಗಲ್ಲಕ್ಕೆ ಕತ್ತಿ ಸ್ವಲ್ಪ ಒರಟಾಗಿಯೇ ಹೋಗುತ್ತಿತ್ತು.

"ನಿನ್ನ ಕತ್ತರಿಗೆ ವಾರಕ್ಕೊಂದ್ಸಲ ಎಣ್ಣೆ ಬಿಡ್ತೀಯಲ್ಲೋ, ಮಗಳ ಹೊಟ್ಟೆಗೆ ಬಿಡೋಕೆ ಏನು ಸಂಕಟ?" ಅಂದಳು ಅಜ್ಜಿ.

"ಅಮ್ಮ, ನಿಂಗೆ ಇದೆಲ್ಲ ತಿಳಿಯಲ್ಲ. ಸುಮ್ನಿರು."

"ತಿಳಿಯದೇ ಏನು? ನಿನ್ನನ್ನ ಇಷ್ಟೆತ್ತರ ಬೆಳೆಸಿದ್ದು ಗಾಳಿ ಕುಡಿಸಿಯಾ?"

"ಅದಕ್ಕೇ ನೋಡು, ಕ್ಷೌರ ಮಾಡ್ಕೊಂಡು ಬಿದ್ದಿದೀನಿ!" ಅಂತ ಅವನು ಕೂಗಿದ.

ಹುಡುಗಿಯ ಓಟ ಚುರುಕಾಯಿತು ಅನ್ನುವುದು ಸುಳ್ಳಲ್ಲ. ಶಾಲೆಯ ಹಿಂದಿನ ಮೈದಾನದಲ್ಲಿ ನಾಲ್ಕು ಸುತ್ತು, ಮೇಲೆ ಒಂದಿಷ್ಟು ಹೆಜ್ಜೆ, ಅದೇ ಒಂದು ಮೈಲಿ. ಅಪ್ಪ ಗೆರೆಯ ಹತ್ತಿರ ವಾಚು ಹಿಡಿದು ನಿಂತು, ಪ್ರತಿ ಸುತ್ತಿಗೂ ಕೂಗಿ ಹೇಳುತ್ತಿದ್ದ. ಒಂದು ತಿಂಗಳೊಳಗೆ ಅವಳು ತನ್ನ ಹಳೆಯ ವೇಳೆಯಿಂದ ಏಳೆಂಟು ಸೆಕೆಂಡು ಕಿತ್ತು ಬಿಸಾಕಿದಳು. ಆ ದಿನ ಅಪ್ಪ ಅವಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬೀದಿಯುದ್ದಕ್ಕೂ ಬೆಲ್ಲು ಬಾರಿಸುತ್ತಾ ಬಂದ. ಅಮ್ಮನೂ ಫ್ಯಾಕ್ಟರಿಯಿಂದ ಮುರಿದ ಬಿಸ್ಕತ್ತಿನ ಪೊಟ್ಟಣ ತಂದಿದ್ದಳು. ಎಲ್ಲರೂ ತಿಂದರು. ಯಾರಿಗಾಗಿ ತಂದದ್ದೋ ಅವಳೊಬ್ಬಳು ಬಿಟ್ಟು.

ಅಜ್ಜಿಯ ಕಣ್ಣಿಗೆ ಬೇರೆಯದೇ ಕಾಣುತ್ತಿತ್ತು. ಬಿಸಿಲು ಚುರುಗುಟ್ಟುವ ಮಧ್ಯಾಹ್ನದಲ್ಲೂ ಹುಡುಗಿ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. ಕೈ ಮುಟ್ಟಿದರೆ ಮಣ್ಣಿನ ಗಡಿಗೆಯಷ್ಟು ತಣ್ಣಗೆ. ತಲೆ ಬಾಚಿದರೆ ಬಾಚಣಿಗೆಯಲ್ಲಿ ಮುಷ್ಟಿ ತುಂಬ ಕೂದಲು. ಊರವರ ತಲೆಯನ್ನೆಲ್ಲ ದಿನಾ ಕೈಯಲ್ಲಿ ಹಿಡಿಯುವ ಅಪ್ಪನಿಗೆ ಮನೆಯೊಳಗೆ ಉದುರುತ್ತಿದ್ದ ಕೂದಲು ಕಾಣಲಿಲ್ಲ.

ಕೊನೆಗೆ ಅಜ್ಜಿ ತನಗೆ ತಿಳಿದ ದಾರಿ ಹಿಡಿದಳು. ಹುಡುಗಿಯ ಪಾಲಿನ ಬೇಳೆಯನ್ನು ಬೇರೆ ಪಾತ್ರೆಗೆ ತೆಗೆದು, ಅದಕ್ಕೆ ಒಂದು ಉಂಡೆ ಬೆಣ್ಣೆ ಹಾಕಿ ಚೆನ್ನಾಗಿ ಕಡೆದಳು. ಹಾಲಿಗೆ ನೀರು ಬೆರೆಸುವ ಬದಲು ಕೆನೆಯನ್ನೇ ಕರಗಿಸಿದಳು. ಮೇಲೆ ಒಂದು ಹನಿ ಜಿಡ್ಡೂ ತೇಲದಂತೆ ನೋಡಿಕೊಂಡಳು. ಹುಡುಗಿ ನಾಲ್ಕೇ ತುತ್ತು ತಿಂದರೂ ಆ ನಾಲ್ಕರಲ್ಲಿ ಎಂಟರ ಸತ್ವ ಇರಲಿ ಅಂತ. ಎರಡು ವಾರ ಅಜ್ಜಿಗೆ ಒಳಗೊಳಗೇ ಖುಷಿ. ಹುಡುಗಿಯ ಕೆನ್ನೆಗೆ ತುಸು ಬಣ್ಣ ಬಂದಿತ್ತು.

ಒಂದು ಬೆಳಿಗ್ಗೆ ಪರದೆಯ ಆಚೆಯಿಂದ ಅಪ್ಪನ ಧ್ವನಿ ಕೇಳಿತು.

"ಏನೇ ಇದು? ಏರಿದೆ."

"ಗೊತ್ತಿಲ್ಲಪ್ಪ."

"ಗೊತ್ತಿಲ್ಲ ಅಂದ್ರೆ? ಯಂತ್ರ ಸುಳ್ಳು ಹೇಳುತ್ತಾ? ನಿಜ ಹೇಳು, ಕದ್ದು ತಿಂತಿದೀಯಾ?"

"ಇಲ್ಲಪ್ಪ, ಆಣೆ ಮಾಡಿ ಹೇಳ್ತೀನಿ..."

"ಶಾಲೆ ಹತ್ರ ತಿಂತೀಯಾ? ಗೆಳತೀರು ಕೊಡಿಸ್ತಾರಾ? ನಾನಿಲ್ಲಿ ಬೆಳಗಾಗೆದ್ದು ನಿನ್ನ ಹಿಂದೆ ಓಡ್ತೀನಿ, ನೀನು ಹಿಂದಿನಿಂದ ಬಾಯಿ ಆಡಿಸ್ತೀಯ. ಕಳ್ಳಿ!"

ಕುರ್ಚಿಯಲ್ಲಿ ಮುಖದ ತುಂಬ ನೊರೆ ಬಳಿಸಿಕೊಂಡು ಕೂತಿದ್ದ ಗಿರಾಕಿ, "ಹೋಗ್ಲಿ ಬಿಡಿ, ಮಕ್ಕಳು" ಅಂದ. ಹುಡುಗಿ ಬಿಕ್ಕುತ್ತಿದ್ದಳು. ಅಪ್ಪ ಅವಳನ್ನು ಆಗಲೇ ಮತ್ತೆ ಮೈದಾನಕ್ಕೆ ಅಟ್ಟಿದ.

ಪರದೆ ಸರಿಸಿ ನಾಲ್ಕು ಹೆಜ್ಜೆ ಇಟ್ಟಿದ್ದರೆ ಮುಗಿಯುತ್ತಿತ್ತು. ಅಜ್ಜಿಗೆ ಆಗಲಿಲ್ಲ. ಗಿರಾಕಿಯ ಮುಂದೆ ಮಗ ಏನನ್ನುತ್ತಾನೋ ಅನ್ನುವ ಭಯವೋ, ಬೆಣ್ಣೆ ನಿಲ್ಲದಿರಲಿ ಅನ್ನುವ ಆಸೆಯೋ, ಅಂತೂ ಒಲೆಯ ಮುಂದೆಯೇ ನಿಂತಳು. ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಬಾಯಿ ಬಿಟ್ಟಳು.

"ಅವಳು ಕದ್ದಿಲ್ಲ. ಬೆಣ್ಣೆ ಹಾಕ್ತಿದ್ದೋಳು ನಾನು."

ಅಪ್ಪ ತಟ್ಟೆಯನ್ನು ನೂಕಿದ. "ನಂಗೆ ಶತ್ರು ಹೊರಗಿಲ್ಲ, ಮನೇಲೇ ಇದಾರೆ" ಅಂದು ಕೈ ತೊಳೆದ. ಸೊಸೆ, "ಅತ್ತೆ, ನೀವು ಹೀಗೆ ಮಾಡಬಾರದಿತ್ತು" ಅಂದಳು. ಅದೆಲ್ಲ ಅಜ್ಜಿಗೆ ನಾಟಲಿಲ್ಲ. ಹುಡುಗಿ ಮಾತ್ರ ಸಣ್ಣ ದನಿಯಲ್ಲಿ ಕೇಳಿದಳು:

"ಅಪ್ಪ ನನ್ನ ಕಳ್ಳಿ ಅಂದಾಗ ನೀನು ಒಳಗೇ ಇದ್ದೆ ಅಲ್ವಾ ಅಜ್ಜಿ?"

"ಇದ್ದೆ ಕಂದ."

"ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು."

ಅಷ್ಟೇ. ಮರುದಿನದಿಂದ ಹುಡುಗಿ ತನ್ನದೇ ಒಂದು ಪುಟ್ಟ ಪಾತ್ರೆ ಇಟ್ಟುಕೊಂಡಳು. ಅದರಲ್ಲಿ ಎರಡು ಕ್ಯಾರೆಟ್ಟು, ಒಂದು ಹಿಡಿ ಸೊಪ್ಪು ತಾನೇ ಬೇಯಿಸಿಕೊಂಡು, ತಾನೇ ತಿಂದು, ತಾನೇ ತೊಳೆದಿಡುತ್ತಿದ್ದಳು. ಅಜ್ಜಿ ಕೊಟ್ಟ ನೀರನ್ನೂ ಮೂಸಿ ನೋಡಿ ಕುಡಿಯುತ್ತಿದ್ದಳು. ಕೆನ್ನೆಗೆ ಬಂದ ಬಣ್ಣ ಬಂದ ದಾರಿಯಲ್ಲೇ ಹೋಯಿತು.

ಬಟ್ಟೆ ಒಗೆಯುವ ಕೆಲಸ ಅಜ್ಜಿಯದು. ಹಾಗಾಗಿ ಇನ್ನೊಂದು ಸಂಗತಿ ಗಮನಕ್ಕೆ ಬಂದದ್ದೂ ಅವಳಿಗೇ. ಸೊಸೆಯ ರಜೆಯ ದಿನ ಬಟ್ಟೆ ಹಿಂಡುತ್ತಾ ಹೇಳಿದಳು: "ಪುಟ್ಟಿಗೆ ಮುಟ್ಟು ನಿಂತು ತಿಂಗಳುಗಳೇ ಆಯ್ತು. ನೀನು ನೋಡಿದೀಯಾ?"

ಸೊಸೆ ಬಕೆಟ್ಟನ್ನು ಅಲ್ಲೇ ಬಿಟ್ಟಳು. ಮಗಳನ್ನು ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಒಳಗಿನಿಂದ ಮೊದಲು ಪಿಸುಮಾತು, ಆಮೇಲೆ ಒಂದು ಏಟಿನ ಸದ್ದು, ಆಮೇಲೆ ಹುಡುಗಿಯ ಕೂಗು: "ಯಾರೂ ಇಲ್ಲಮ್ಮ! ಯಾರ ಜೊತೆನೂ ಇಲ್ಲ! ನಂಗೆ ಓಡೋಕೇ ಹೊತ್ತು ಸಾಲಲ್ಲ!"

ಸೊಸೆ ಹೊರಗೆ ಬಂದಾಗ ಮುಖ ಬೆವೆತಿತ್ತು. ಆದರೆ ಉಸಿರು ಹಗುರವಾಗಿತ್ತು.

"ಅಂಥದ್ದೇನೂ ಇಲ್ಲ ಅತ್ತೆ. ಸದ್ಯ, ನನ್ನ ಜೀವ ಬಾಯಿಗೆ ಬಂದಿತ್ತು."

"ಅಂಥದ್ದಿಲ್ಲ ಅಂದ್ರೆ ಇನ್ನೆಂಥದ್ದು? ಡಾಕ್ಟರ ಹತ್ರ ಕರ್ಕೊಂಡು ಹೋಗು."

"ಓಡೋ ಹುಡುಗೀರಿಗೆ ಹೀಗಾಗೋದು ಇದ್ದದ್ದೇ ಅಂತೆ. ಮೇಷ್ಟ್ರು ಇವರ ಹತ್ರ ಹೇಳಿದ್ರಂತೆ. ಸೆಲೆಕ್ಷನ್ ಮುಗೀಲಿ ಅತ್ತೆ. ಹಾಸ್ಟೆಲಲ್ಲಿ ಅವರದೇ ಡಾಕ್ಟರು ಇರ್ತಾರೆ."



ಸೆಲೆಕ್ಷನ್ನಿಗೆ ಇನ್ನೇನು ಹತ್ತು ಹನ್ನೆರಡು ದಿನ ಇದ್ದಾಗ, ಅಜ್ಜಿ ಹಿತ್ತಲಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದಳು. ಮಾಳಿಗೆಯಿಂದ ಹುಡುಗಿ ಇಳಿದು ಬರುತ್ತಿದ್ದಳು. ನೇರ ಇಳಿಯುತ್ತಿರಲಿಲ್ಲ. ಗೋಡೆ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದು ಮೆಟ್ಟಿಲಿಗೂ ಬಲಗಾಲು ಇಳಿಸಿ ಅದರ ಪಕ್ಕ ಎಡಗಾಲು ತಂದು ಇಡುತ್ತಿದ್ದಳು.

"ಬಾ ಇಲ್ಲಿ. ಕಾಲು ತೋರಿಸು."

"ಏನಿಲ್ಲ."

"ತೋರಿಸ್ತೀಯೋ, ನಿಮ್ಮಪ್ಪನ್ನ ಕರೀಲೋ?"

ಬಲಗಾಲಿನ ಮುಂದಿನ ಮೂಳೆಯ ಮೇಲೆ, ಮೊಣಕಾಲಿಗೂ ಹಿಮ್ಮಡಿಗೂ ನಡುವೆ, ಸಣ್ಣ ಊತ. ಅಜ್ಜಿ ಹೆಬ್ಬೆರಳು ತಾಗಿಸಿದ್ದೇ ತಡ, ಹುಡುಗಿ ತುಟಿ ಕಚ್ಚಿಕೊಂಡು ಕಣ್ಣು ಮುಚ್ಚಿದಳು.

"ಎಷ್ಟು ದಿನದಿಂದ?"

"ಸ್ವಲ್ಪ ದಿನ. ಓಡೋಕೆ ಶುರು ಮಾಡಿದ ಮೇಲೆ ಮರೆತು ಹೋಗುತ್ತೆ."

"ಈಗ್ಲೇ ಹೇಳ್ತೀನಿ ಅವನಿಗೆ."

ಹುಡುಗಿ ಅಜ್ಜಿಯ ಕೈ ಹಿಡಿದಳು. ಅಷ್ಟು ದಿನದ ಮೇಲೆ ಮೊದಲ ಬಾರಿ. "ಬೇಡ ಅಜ್ಜಿ. ಹೇಳಿದ್ರೆ ಓಡ್ಬೇಡ ಅಂತಾನೆ. ಇಲ್ಲಾ, ನಾಟಕ ಆಡ್ತೀಯ ಅಂತಾನೆ. ಎರಡೂ ನಂಗೆ ಬೇಡ. ಇದೊಂದು ಓಟ ಮುಗೀಲಿ, ನಾನು ಈ ಮನೆ ಬಿಟ್ಟು ಹಾಸ್ಟೆಲಿಗೆ ಹೋಗ್ಬೇಕು. ನೀನು ಹೇಳದಿದ್ರೆ..." ಅಂತ ತಡೆದು, "ನೀನು ಮಾಡಿದ್ದು ತಿಂತೀನಿ. ಬೆಣ್ಣೆ ಹಾಕಿದ್ರೂ ತಿಂತೀನಿ" ಅಂದಳು.

ಅಜ್ಜಿ ಬೇಡ ಅನ್ನಬೇಕಿತ್ತು. ಅವಳಿಗೂ ಅದು ಗೊತ್ತಿತ್ತು. ಆದರೆ ಮೊಮ್ಮಗಳ ಕೈ ತನ್ನ ಕೈಯಲ್ಲಿತ್ತು, ಆ ಕೈಯಲ್ಲಿ ಮೂಳೆ ಬಿಟ್ಟು ಏನೂ ಇರಲಿಲ್ಲ. ಹತ್ತು ದಿನ ಹೊಟ್ಟೆ ತುಂಬ ತಿಂದರೆ ಊತ ತಾನೇ ಇಳಿಯುತ್ತದೆ ಅಂತ ತನಗೆ ತಾನೇ ಹೇಳಿಕೊಂಡಳು.

"ಎರಡು ಹೊತ್ತೂ ತಿನ್ಬೇಕು."

"ತಿಂತೀನಿ. ನೀನು ಬಾಯಿ ಬಿಡಬಾರದು."

ಆ ಹತ್ತು ದಿನ ಅಜ್ಜಿಯ ಅಡುಗೆಮನೆಗೆ ಮತ್ತೆ ಜೀವ ಬಂತು. ಮೊಟ್ಟೆ, ಬೆಣ್ಣೆ ಬಳಿದ ಬ್ರೆಡ್ಡು, ಮೆತ್ತಗೆ ಬೆಂದ ಅನ್ನ. ತೂಕದ ಭಯಕ್ಕೆ ಹುಡುಗಿ ಬೆಳಿಗ್ಗೆ ನೀರೂ ಮುಟ್ಟದೆ ಯಂತ್ರ ಹತ್ತಿ, ಇಳಿದ ಮೇಲೆ ಹಿತ್ತಲಿಗೆ ಬಂದು ತಿನ್ನುತ್ತಿದ್ದಳು. ಅಜ್ಜಿ ಬಿಸಿ ಬಟ್ಟೆಯಲ್ಲಿ ಅವಳ ಕಾಲಿಗೆ ಶಾಖ ಕೊಟ್ಟು, ಕಾಲುಚೀಲದ ಕೆಳಗೆ ಪಟ್ಟಿ ಕಟ್ಟಿ ಕಳಿಸುತ್ತಿದ್ದಳು. ಊತ ಇಳಿಯಲಿಲ್ಲ. ಅಜ್ಜಿ ನೋಡುವುದನ್ನೇ ಬಿಟ್ಟಳು.

ಓಟದ ದಿನ ಎಲ್ಲರೂ ಹೋದರು. ಸೊಸೆ ರಜೆ ಹಾಕಿದಳು. ಅಪ್ಪ ಅಂಗಡಿಗೆ ಬೀಗ ಹಾಕಿದ. ಅಜ್ಜಿ ಮೊಮ್ಮಗಳ ಓಟ ನೋಡಿದ್ದು ಅದೇ ಮೊದಲು. ಬಿಳಿ ಗೆರೆ ಎಳೆದ ಮೈದಾನದಲ್ಲಿ ಒಂದು ಡಜನ್ ಹುಡುಗಿಯರು, ಎಲ್ಲರೂ ಕಡ್ಡಿ ಕಡ್ಡಿ. ಪಿಸ್ತೂಲು ಸಿಡಿಯಿತು. ಎರಡು ಸುತ್ತು ಪುಟ್ಟಿ ಗುಂಪಿನ ನಡುವೆಯೇ ಇದ್ದಳು. ಮೂರನೆಯದರಲ್ಲಿ ಹೊರಗಿನಿಂದ ಬಂದು ಒಬ್ಬೊಬ್ಬರನ್ನೇ ಹಿಂದೆ ಹಾಕಿದಳು. ಅಪ್ಪ ಹಗ್ಗದ ಬೇಲಿಗೆ ಒರಗಿ ಗಂಟಲು ಹರಿಯುವಂತೆ ಕೂಗುತ್ತಿದ್ದ. ಕೊನೆಯ ಸುತ್ತು ಶುರುವಾದಾಗ ಅವಳ ಮುಂದೆ ಯಾರೂ ಇರಲಿಲ್ಲ. ಅಜ್ಜಿಯೂ ಎಲ್ಲ ಮರೆತು ಚಪ್ಪಾಳೆ ತಟ್ಟಿದಳು, ಎಷ್ಟು ಚೆಂದ ಓಡುತ್ತಾಳೆ ನನ್ನ ಕೂಸು ಅಂತ.

ಕೊನೆಯ ತಿರುವಿನಲ್ಲಿ ಹುಡುಗಿಯ ಬಲಗಾಲು ನೆಲಕ್ಕೆ ತಾಗಿತು, ಮೇಲೆ ಬರಲಿಲ್ಲ. ಒಣ ಕಟ್ಟಿಗೆ ಮುರಿದ ಸದ್ದಾಯಿತು ಅಂತ ಹತ್ತಿರ ನಿಂತವರು ಆಮೇಲೆ ಹೇಳಿದರು. ಅವಳು ಮುಖ ಅಡಿಯಾಗಿ ಬಿದ್ದಳು. ಹಿಂದಿನವರು ಅವಳನ್ನು ಬಳಸಿಕೊಂಡು ಓಡಿದರು.

ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. "ಇದು ಇವತ್ತಿನದಲ್ಲ. ಎಷ್ಟೋ ದಿನದಿಂದ ಬಿರುಕು ಬಿಟ್ಟಿದೆ. ಸರಿಯಾಗಿ ಊಟ ಇಲ್ಲ, ಮುಟ್ಟು ನಿಂತಿದೆ, ಮೂಳೆ ಸವೆದಿದೆ. ಅದರ ಮೇಲೆ ಓಡಿಸಿದೀರಿ. ಇಷ್ಟು ದಿನ ನೋವು ಇದ್ದಿರಲೇಬೇಕು. ಮನೇಲಿ ಯಾರಿಗೂ ಹೇಳಲಿಲ್ವಾ ನೀನು?"

"ಯಾರಿಗೂ ಹೇಳಿಲ್ಲ" ಅಂದಳು ಹುಡುಗಿ, ಗೋಡೆ ನೋಡುತ್ತಾ.

"ನಂಗೆ ಗೊತ್ತಿತ್ತು" ಅಂದಳು ಅಜ್ಜಿ.

ಮಗ ತಿರುಗಿ ನೋಡಿದ. ಅಜ್ಜಿ ಬೈಗುಳಕ್ಕೆ ಕಾದಳು. ಆದರೆ ಅವನ ಮುಖದಲ್ಲಿ ಮೊದಲು ಮೂಡಿದ್ದು ಸಿಟ್ಟಲ್ಲ, ಹೊತ್ತ ಮೂಟೆಯನ್ನು ಇಳಿಸಲು ಜಾಗ ಸಿಕ್ಕವನ ಸಮಾಧಾನ. ಸಿಟ್ಟು ಬಂದದ್ದು ಆಮೇಲೆ. "ಗೊತ್ತಿತ್ತಾ? ಗೊತ್ತಿದ್ದೂ ಸುಮ್ನಿದ್ಯಾ?" ಅಂದ. ಡಾಕ್ಟರು ಹೇಳಿದ ಉಳಿದ ಮಾತೆಲ್ಲ ಅವನ ಕಿವಿಯಿಂದ ಅಲ್ಲೇ ಉದುರಿ ಹೋಯಿತು.

ಅಲ್ಲಿಂದ ಮುಂದೆ ಕುರ್ಚಿಯಲ್ಲಿ ಕೂತ ಒಬ್ಬೊಬ್ಬ ಗಿರಾಕಿಗೂ ಅದೇ ಕಥೆ. "ಗೆಲ್ತಿದ್ಲು ಸಾರ್, ಇನ್ನು ಕೂಗಳತೆ ದೂರ. ನಮ್ಮಮ್ಮ ಕಾಲು ನೋವು ಮುಚ್ಚಿಟ್ಟಳು. ಒಂದು ಮಾತು ಹೇಳಿದ್ರೆ ನಾನು ಬಿಡ್ತಿದ್ನಾ?" ಪರದೆಯ ಈಚೆ ಅಜ್ಜಿಗೆ ಪ್ರತಿ ಅಕ್ಷರವೂ ಕೇಳುತ್ತಿತ್ತು. ಹುಡುಗಿಗೂ ಕೇಳುತ್ತಿತ್ತು. ಅವಳು ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತಿರುತ್ತಿದ್ದಳು. ಒಂದು ದಿನ ಅಪ್ಪ ಊಟಕ್ಕೆ ಒಳಗೆ ಬಂದಾಗ ಹೇಳಿಯೇ ಬಿಟ್ಟಳು.

"ನಾನು ಬಿದ್ದಾಗ ನೀನು ಮೊದಲು ವಾಚು ನೋಡಿದೆ ಅಪ್ಪ. ತಲೆ ಎತ್ತಿದಾಗ ಕಂಡೆ."

"ಸುಳ್ಳು."

"ವಾಚು ನೋಡಿ ಆಮೇಲೆ ಓಡಿ ಬಂದೆ."

ಅಪ್ಪ ಊಟ ಬಿಟ್ಟು ಅಂಗಡಿಗೆ ಹೋದ. ಆಮೇಲೆ ಬಹಳ ದಿನ ಅಪ್ಪ ಮಗಳ ನಡುವೆ ಮಾತೇ ಇರಲಿಲ್ಲ. ಒಂದು ವರ್ಷ ಓಡುವಂತಿಲ್ಲ ಅಂದಿದ್ದರು ಡಾಕ್ಟರು. ಹಾಸ್ಟೆಲಿಗೆ ಬೇರೆ ಶಾಲೆಯ ಹುಡುಗಿ ಸೇರಿದಳು. ಸೊಸೆ ಹೆಚ್ಚಿನ ಪಾಳಿ ಕೇಳಿ ಹಾಕಿಸಿಕೊಂಡಳು. ಮನೆಯಲ್ಲಿ ಇರುವುದೇ ಬೇಡ ಅನ್ನಿಸಿತ್ತೋ ಏನೋ.

ಆದರೆ ಅಪ್ಪನ ಬೆಳಗಿನ ಮೈದಾನ ತಪ್ಪಲಿಲ್ಲ. ಹಿಂದಿನ ಬೀದಿಯ ಟೈಲರಮ್ಮನ ಮಗಳು, ಹದಿಮೂರು ದಾಟಿದ್ದ ಚೂಟಿ ಹುಡುಗಿ, ಅವಳನ್ನು ಮೇಷ್ಟ್ರು ಹೊಸದಾಗಿ ಆರಿಸಿದ್ದರು. ಅವಳಿಗೆ ಅಪ್ಪ ಇಲ್ಲ, ಕೂಗಿ ಹೇಳುವವರು ಬೇಕಿತ್ತು. ಕ್ಷೌರಿಕ ಹೋದ.

ಒಂದು ಸಂಜೆ ಅವನೇ ಅವಳನ್ನು ಮನೆಗೆ ಕಳಿಸಿದ, ಕೊನೆಯ ಸುತ್ತು ಓಡುವುದು ಹೇಗೆ ಅಂತ ಅಕ್ಕನ ಹತ್ತಿರ ಕೇಳಿಕೊಂಡು ಬಾ ಅಂತ. ಬಾಗಿಲಲ್ಲಿ ನಿಂತ ಹುಡುಗಿಯನ್ನು ನೋಡಿ ಅಜ್ಜಿ, ಪುಟ್ಟಿ ಅವಳನ್ನು ಬೈದು ಅಟ್ಟುತ್ತಾಳೆ ಅಂದುಕೊಂಡಳು. ಎಲ್ಲ ಬಿಚ್ಚಿ ಹೇಳಿದರೆ ಇನ್ನೂ ಒಳ್ಳೆಯದು ಅಂದುಕೊಂಡಳು.

"ಅಕ್ಕ, ನಿಮ್ಮ ಟೈಮು ಎಷ್ಟಿತ್ತು?" ಕೇಳಿತು ಮಗು.

"ಐದು ನಿಮಿಷ ಹದಿನೆಂಟು ಸೆಕೆಂಡು" ಅಂದಳು ಪುಟ್ಟಿ. ತಿಂಗಳುಗಳಿಂದ ಕಾಣದಿದ್ದ ನಗು ಅವಳ ಮುಖದ ಮೇಲೆ ಬಂತು. "ಗೆರೆ ಮುಟ್ಟಿದ್ರೆ ಆವತ್ತು ಅದಕ್ಕಿಂತ ಕಡಿಮೆ ಆಗ್ತಿತ್ತು. ಕೂತ್ಕೋ. ಮೂರನೇ ಸುತ್ತಲ್ಲಿ ಎಲ್ಲರೂ ಸೋಮಾರಿ ಆಗ್ತಾರೆ, ಅಲ್ಲೇ ನೀನು ಹಿಡೀಬೇಕು. ಮತ್ತೆ ಓಡೋ ಹಿಂದಿನ ದಿನ..." ಅಂತ ಮುಂದೆ ಬಗ್ಗಿ ಶುರುಮಾಡಿದಳು. ಏನು ತಿನ್ನಬಾರದು, ಹಸಿವಾದರೆ ಎಷ್ಟು ನೀರು ಕುಡಿದರೆ ಅಡಗುತ್ತದೆ, ಎಲ್ಲ. ಮಗು ಕಣ್ಣು ಮಿಟುಕಿಸದೆ ಕೇಳಿತು.

ಅಜ್ಜಿ ನಡುವೆ ಬಾಯಿ ಹಾಕಿದಳು. "ಕಾಲಿನ ವಿಷಯಾನೂ ಹೇಳೇ ಅವಳಿಗೆ."

"ಹೇಳ್ತೀನಿ ಅಜ್ಜಿ. ನಾಳೆಯೂ ಬರ್ತಾಳಲ್ಲ."

ಮಗು ಎದ್ದು ಹಾರುತ್ತಾ ಹೊರಟಿತು. ಅಜ್ಜಿ ಚಪ್ಪಲಿ ಮೆಟ್ಟಿಕೊಂಡು, ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಹೊರಟಳು. ಅಂಗಡಿಯೊಳಗಿಂದ ಮಗ, "ಎಲ್ಲಿಗಮ್ಮ?" ಅಂದದ್ದಕ್ಕೆ ಉತ್ತರ ಕೊಡಲಿಲ್ಲ. ಹಿಂದಿನ ಬೀದಿ ಮುಟ್ಟುವಷ್ಟರಲ್ಲಿ ಅವಳಿಗೆ ಏದುಸಿರು ಬಂದಿತ್ತು.

ಟೈಲರಮ್ಮ ಹೊಲಿಗೆ ಮಿಷನ್ನು ನಿಲ್ಲಿಸಿ, ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಬಾಗಿಲಿಗೆ ಬಂದಳು. ಅಜ್ಜಿ, "ನಿನ್ನ ಮಗಳ ವಿಷಯ ಮಾತಾಡ್ಬೇಕಮ್ಮ" ಅಂದಳು.

ಟೈಲರಮ್ಮ ಒಳಗೆ ಬನ್ನಿ ಅನ್ನಲಿಲ್ಲ. ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು.

"ಬೇಜಾರು ಮಾಡ್ಕೋಬೇಡಿ ಅಜ್ಜಿ. ನಿಮ್ಮ ಮೊಮ್ಮಗಳ ಕಾಲುನೋವು ಮುಚ್ಚಿಟ್ಟೋರು ನೀವೇ ಅಂತಲ್ಲ? ನಿಮ್ಮ ಮಗ ಎಲ್ಲರ ಹತ್ರಾನೂ ಹೇಳ್ತಾರೆ."

"ಹೌದಮ್ಮ, ನಾನೇ" ಅಂದಳು ಅಜ್ಜಿ. "ಅದಕ್ಕೇ ಬಂದಿದೀನಿ."

ಟೈಲರಮ್ಮ ಬಾಗಿಲು ಮುಚ್ಚಲೂ ಇಲ್ಲ, ದಾರಿ ಬಿಡಲೂ ಇಲ್ಲ. ಒಳಗೆ ಮಗು ಕೊನೆಯ ಸುತ್ತು ಹೇಗೆ ಓಡಬೇಕು ಅಂತ ಯಾರಿಗೋ ಜೋರಾಗಿ ವಿವರಿಸುತ್ತಿತ್ತು. ಅಜ್ಜಿ ಹೊಸ್ತಿಲ ಹೊರಗೇ ನಿಂತು, ಬಾಗಿಲ ಚೌಕಟ್ಟು ಹಿಡಿದುಕೊಂಡು, ಮೊದಲಿನಿಂದ ಹೇಳತೊಡಗಿದಳು.